ಚಾವಣಿಯ ಬೆನ್ನಿನ ಕತ್ತಲೆ: ಸ್ಪ್ರಿಂಕ್ಲರ್ ನಿಯಮಗಳ ಒಂದು ವಿಮರ್ಶೆ

ಈ ಲೇಖನವನ್ನು ನೀವು ಬ್ಯಾಂಕಿನಲ್ಲೋ ಆಸ್ಪತ್ರೆಯ ಮೊಗಸಾಲೆಯಲ್ಲೋ ಕುಳಿತು ಓದುತ್ತಿದ್ದರೆ ಒಮ್ಮೆ ತಲೆಯೆತ್ತಿ ನೋಡಿ. ಬಿಳಿಯ ಫಾಲ್ಸ್ ಸೀಲಿಂಗ್, ಅದರಲ್ಲಿ ಸಾಲು ದೀಪಗಳು, ನಡುನಡುವೆ ಇಳಿಬಿದ್ದ ಸ್ಪ್ರಿಂಕ್ಲರ್ ಮೂತಿಗಳು. ಮೂತಿಯಲ್ಲಿರುವ ಕೆಂಪು ದ್ರವದ ಪುಟ್ಟ ಗಾಜಿನ ಬುರುಡೆ ಸುಮಾರು 68 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಒಡೆಯುತ್ತದೆ, ನೀರು ಕೊಡೆಯಂತೆ ಹರಡಿಕೊಂಡು ಕೆಳಗೆ ಸುರಿಯುತ್ತದೆ. ಕೋಣೆಯಲ್ಲಿ ಹೊತ್ತಿದ ಬೆಂಕಿಗೆ ಇದಕ್ಕಿಂತ ನಂಬಿಕಸ್ಥ ಕಾವಲುಗಾರ ಇಲ್ಲ. ಆದರೆ ಆ ಬಿಳಿ ಹಲಗೆಯ ಮೇಲೆ, ಕಾಂಕ್ರೀಟ್ ಚಾವಣಿಯ ಕೆಳಗೆ ಉಳಿದಿರುವ ಜಾಗದ ಗತಿಯೇನು? ಅಲ್ಲಿ ವಿದ್ಯುತ್ ತಂತಿಗಳಿವೆ, ಹವಾನಿಯಂತ್ರಣದ ಕೊಳವೆಗಳಿವೆ, ಬಡಗಿ ಬಿಟ್ಟುಹೋದ ಪ್ಲೈವುಡ್ ತುಂಡುಗಳೂ ಇರಬಹುದು. ಬೆಂಕಿ ಅಲ್ಲೇ ಹುಟ್ಟಿದರೆ ನೀರು ಕೊಡುವವರು ಯಾರು?

ಈ ಪ್ರಶ್ನೆಗೆ ಜಗತ್ತಿನ ಅಗ್ನಿ ಸುರಕ್ಷಾ ಸಂಹಿತೆಗಳೆಲ್ಲ ಉತ್ತರ ಕೊಟ್ಟಿವೆ. ಉತ್ತರಗಳು ಬಹುಮಟ್ಟಿಗೆ ಸಂಖ್ಯೆಗಳ ರೂಪದಲ್ಲಿವೆ: 800 ಮಿಲಿಮೀಟರ್, 6 ಅಂಗುಲ, 160 ಘನ ಅಡಿ, ಹೀಗೆ. ಸಂಖ್ಯೆ ಕಂಡರೆ ಭೌತವಿಜ್ಞಾನಿಗೆ ಸುಮ್ಮನಿರಲಾಗುವುದಿಲ್ಲ, ಅದು ಎಲ್ಲಿಂದ ಬಂತು, ಯಾವ ರಾಶಿಯನ್ನು ಅಳೆಯುತ್ತಿದೆ ಎಂದು ಕೇಳಬೇಕೆನಿಸುತ್ತದೆ. ಈ ಲೇಖನ ಅಂಥ ವಿಚಾರಣೆ. ಮುಖ್ಯವಾಗಿ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 13ನೆಯ ಮಾನಕವನ್ನು ಆರಿಸಿಕೊಂಡಿದ್ದೇನೆ. 1896ರಲ್ಲಿ ಮೊದಲು ಪ್ರಕಟವಾಗಿ ಇಂದಿಗೂ ಪರಿಷ್ಕರಣೆಗೊಳ್ಳುತ್ತಿರುವ ಈ ಮಾನಕದ ಪ್ರಭಾವ ಅನೇಕ ದೇಶಗಳ ವಿನ್ಯಾಸಕಾರರ ಮೇಲಿದೆ. ಕೊನೆಯಲ್ಲಿ ನಮ್ಮ ಮನೆಯಂಗಳಕ್ಕೂ ಬರೋಣ.

ಸ್ಪ್ರಿಂಕ್ಲರ್ ಹುಟ್ಟಿದ ಕಾಲದ ಒಂದು ಸಂಗತಿಯನ್ನು ಮೊದಲು ಹೇಳಬೇಕು. 1874ರಲ್ಲಿ ಹೆನ್ರಿ ಪಾರ್ಮೆಲಿ ತನ್ನ ಪಿಯಾನೋ ಕಾರ್ಖಾನೆಗಾಗಿ ಸ್ವಯಂಚಾಲಿತ ಸ್ಪ್ರಿಂಕ್ಲರ್ ರೂಪಿಸಿದ. ಫ್ರೆಡರಿಕ್ ಗ್ರಿನೆಲ್ ಮುಂದಿನ ದಶಕದಲ್ಲಿ ಅದನ್ನು ಸುಧಾರಿಸಿದ. ಅವು ಮೊದಲು ವ್ಯಾಪಕವಾಗಿ ಬಳಕೆಗೆ ಬಂದದ್ದು ನ್ಯೂ ಇಂಗ್ಲೆಂಡ್ ಪ್ರಾಂತದ ಬಟ್ಟೆ ಗಿರಣಿಗಳಲ್ಲಿ. ಆ ಗಿರಣಿಗಳ ವಿಮಾ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಎಡ್ವರ್ಡ್ ಆಟ್ಕಿನ್ಸನ್ ಒತ್ತಾಯಿಸುತ್ತಿದ್ದುದು ‘ನಿಧಾನವಾಗಿ ಉರಿಯುವ ಕಟ್ಟಡ’ವನ್ನು. ದಪ್ಪ ದಿಮ್ಮಿಯ ತೊಲೆಗಳು, ಅವುಗಳ ಮೇಲೆ ನೇರವಾಗಿ ದಪ್ಪ ಹಲಗೆಯ ನೆಲ, ಕೆಳಗೆ ಯಾವ ಮುಚ್ಚಿಗೆಯೂ ಇಲ್ಲ. ಬೆಂಕಿ ಅವಿತುಕೊಳ್ಳಲು ಎಲ್ಲಿಯೂ ಪೊಳ್ಳು ಇರಕೂಡದು ಎಂಬುದೇ ಆ ವಿನ್ಯಾಸದ ಜೀವಾಳ. ಅಂದರೆ ಸ್ಪ್ರಿಂಕ್ಲರ್ ಶಾಸ್ತ್ರ ಬೆಳೆದ ಮೊದಲ ನೆಲೆಯಲ್ಲಿ ಮರೆಯ ಪೊಳ್ಳಿನ ಸಮಸ್ಯೆಯನ್ನು ನೀರಿನಿಂದ ಪರಿಹರಿಸಲಿಲ್ಲ, ಪೊಳ್ಳನ್ನೇ ಇಲ್ಲವಾಗಿಸಿ ಪರಿಹರಿಸಿದರು. ನಂತರ ಬಂದ ಕಚೇರಿಗಳಿಗೂ ಮನೆಗಳಿಗೂ ತಂತಿ ಕೊಳವೆಗಳನ್ನು ಮುಚ್ಚುವ ಅಂದದ ಚಾವಣಿ ಬೇಕಾಯಿತು. ಪೊಳ್ಳು ಮರಳಿ ಬಂತು.

ಈಗಿನ ಮಾನಕದ ಮೂಲ ತತ್ತ್ವ ಒಪ್ಪುವಂಥದ್ದೇ. ಮರೆಯ ಜಾಗ ದಹ್ಯ ವಸ್ತುವಿನಿಂದ ಕಟ್ಟಿದ್ದಾದರೆ ಅಲ್ಲಿಯೂ ಸ್ಪ್ರಿಂಕ್ಲರ್ ಇರಬೇಕು. ಆಮೇಲೆ ವಿನಾಯಿತಿಗಳ ಪಟ್ಟಿ ಬರುತ್ತದೆ. ಪೊಳ್ಳನ್ನು ಪೂರ್ತಿಯಾಗಿ ದಹ್ಯವಲ್ಲದ ಉಷ್ಣ ನಿರೋಧಕದಿಂದ ತುಂಬಿದ್ದರೆ ಬೇಡ. ಒಳಮೈಗಳಲ್ಲಿ ಜ್ವಾಲೆ ಹರಡುವ ಸೂಚ್ಯಂಕ 25ನ್ನು ಮೀರದಿದ್ದರೆ ಬೇಡ. ಚಾವಣಿಯನ್ನು ಇಡಿಮರದ ತೊಲೆಗಳಿಗೆ ನೇರವಾಗಿ ಹೊಡೆದಿದ್ದರೆ, ಅಥವಾ ಅವುಗಳಿಂದ 6 ಅಂಗುಲದೊಳಗೆ ಇಳಿಬಿಟ್ಟಿದ್ದರೆ ಬೇಡ. ತೆಳು ಹಲಗೆಯಿಂದ ಮಾಡಿದ ಸಂಯುಕ್ತ ತೊಲೆಗಳಾದರೆ, ತೊಲೆಗಳ ನಡುವಿನ ಓಣಿಗಳನ್ನು 160 ಘನ ಅಡಿ ಮೀರದ ಗೂಡುಗಳಾಗಿ ಅಡ್ಡಗಟ್ಟಿದ್ದರೆ ಬೇಡ. 55 ಚದರ ಅಡಿ ಮೀರದ ಪುಟ್ಟ ಕೋಣೆಯ ಮೇಲಿನ ಪ್ರತ್ಯೇಕ ಪೊಳ್ಳಿಗೆ ಬೇಡ. ಪಟ್ಟಿ ಇನ್ನೂ ಇದೆ, ಇಷ್ಟು ಸಾಕು.

ಇವುಗಳಲ್ಲಿ 160 ಘನ ಅಡಿಯ ನಿಯಮ ನನಗೆ ಬಹಳ ಹಿಡಿಸುತ್ತದೆ. ಏಕೆಂದರೆ ಅದರ ಹಿಂದೆ ಭೌತವಿಜ್ಞಾನ ನಿಚ್ಚಳವಾಗಿ ಕಾಣುತ್ತದೆ. ಒಂದು ಸಣ್ಣ ಲೆಕ್ಕ ಮಾಡೋಣ. 160 ಘನ ಅಡಿ ಎಂದರೆ ಸುಮಾರು 4.5 ಘನ ಮೀಟರ್. ಅದರಲ್ಲಿರುವ ಗಾಳಿಯ ತೂಕ ಸುಮಾರು 5.4 ಕಿಲೋಗ್ರಾಂ, ಅದರಲ್ಲಿ ಆಮ್ಲಜನಕ 1.24 ಕಿಲೋಗ್ರಾಂ. ಸಾಮಾನ್ಯ ಸಾವಯವ ಇಂಧನ ಯಾವುದೇ ಇರಲಿ, ಮರವೋ ಪ್ಲಾಸ್ಟಿಕ್ಕೋ ಸೀಮೆಎಣ್ಣೆಯೋ, ಒಂದು ಕಿಲೋಗ್ರಾಂ ಆಮ್ಲಜನಕ ಖರ್ಚಾದಾಗ ಹೊಮ್ಮುವ ಉಷ್ಣ ಸುಮಾರು 13.1 ಮೆಗಾಜೂಲ್. ಥಾರ್ನ್‌ಟನ್ 1917ರಲ್ಲಿ ಗುರುತಿಸಿದ, ಹಗೆಟ್ 1980ರಲ್ಲಿ ಅಗ್ನಿವಿಜ್ಞಾನಕ್ಕೆ ಒಗ್ಗಿಸಿದ ಈ ಸ್ಥಿರಾಂಕ ನಿಸರ್ಗದ ಸೋಜಿಗಗಳಲ್ಲಿ ಒಂದು. ಹಾಗಾದರೆ ಆ ಗೂಡಿನಲ್ಲಿ ಹೆಚ್ಚೆಂದರೆ 16 ಮೆಗಾಜೂಲ್ ಉಷ್ಣ ಹುಟ್ಟಬಹುದು. ಆದರೆ ಆಮ್ಲಜನಕ ಶೇಕಡ 21ರಿಂದ ಸುಮಾರು 14ಕ್ಕೆ ಇಳಿಯುವಷ್ಟರಲ್ಲಿ ಜ್ವಾಲೆ ಬಳಲಿ ಆರಿಹೋಗುತ್ತದೆ. ಆದುದರಿಂದ ಬಳಕೆಗೆ ಸಿಗುವುದು ಮೂರನೆಯ ಒಂದು ಪಾಲು, ಅಂದರೆ 5.4 ಮೆಗಾಜೂಲ್. ಇದು 300 ಗ್ರಾಂ ಚಿಲ್ಲರೆ ಮರ ಉರಿದಷ್ಟು. ಗೂಡು ಬಿಗಿಯಾಗಿದ್ದರೆ ಅದರೊಳಗೆ ಮರ ಎಷ್ಟೇ ಇರಲಿ, ಬೆಂಕಿಗೆ ದಕ್ಕುವುದು ಒಂದು ಸೌದೆ ಸೀಳಿನಷ್ಟು ಮಾತ್ರ. ನೀರಿನ ಕೆಲಸವನ್ನು ಇಲ್ಲಿ ಗಾಳಿಯ ಬರವೇ ಮಾಡುತ್ತದೆ.

ಇದೇ ಅಳತೆಗೋಲನ್ನು ಪಟ್ಟಿಯ ಪಕ್ಕದ ಸಾಲಿಗೆ ಹಿಡಿಯಿರಿ, ಮುಜುಗರ ಶುರುವಾಗುತ್ತದೆ. ಚಾವಣಿಯನ್ನು ಇಡಿಮರದ ತೊಲೆಗಳಿಗೆ ನೇರವಾಗಿ ಹೊಡೆದರೆ ತೊಂದರೆಯಿಲ್ಲ. 235 ಮಿಲಿಮೀಟರ್ ಆಳದ ತೊಲೆಗಳನ್ನು 40 ಸೆಂಟಿಮೀಟರ್ ಅಂತರದಲ್ಲಿ ಇಟ್ಟಿದ್ದರೆ 6 ಮೀಟರ್ ಉದ್ದದ ಒಂದು ಓಣಿಯ ಗಾತ್ರ ಅರ್ಧ ಘನ ಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ. ತೊಲೆಗಳೇ ಅಡ್ಡಗೋಡೆಗಳಾಗಿ ನಿಲ್ಲುತ್ತವೆ. ಆದರೆ ಅದೇ ಚಾವಣಿಯನ್ನು 6 ಅಂಗುಲ, ಅಂದರೆ 152 ಮಿಲಿಮೀಟರ್, ಕೆಳಗೆ ಇಳಿಬಿಟ್ಟರೆ? ಎಲ್ಲ ಓಣಿಗಳೂ ಕೆಳಗಿನ ಸಂದಿಯ ಮೂಲಕ ಒಂದಾಗಿಬಿಡುತ್ತವೆ. 20 ಮೀಟರ್ ಉದ್ದ, 10 ಮೀಟರ್ ಅಗಲದ ನೆಲಕ್ಕೆ ಲೆಕ್ಕ ಹಾಕಿದರೆ ತೊಲೆಗಳ ಗಾತ್ರ ಕಳೆದೂ ಸುಮಾರು 70 ಘನ ಮೀಟರ್‌ಗಳ ಒಂದೇ ಪೊಳ್ಳು. ಸಂಯುಕ್ತ ತೊಲೆಗೆ 4.5 ಘನ ಮೀಟರ್‌ಗಿಂತ ಹೆಚ್ಚು ಕೂಡದು ಎಂದು ಗಟ್ಟಿಯಾಗಿ ಹೇಳಿದ ಮಾನಕವೇ ಇಲ್ಲಿ ಅದರ ಹದಿನೈದು ಪಟ್ಟು ಗಾಳಿಯನ್ನು ಬೆಂಕಿಯ ಪಾಲಿಗೆ ಬಿಟ್ಟುಕೊಡುತ್ತದೆ.

ಸಂಹಿತೆಯ ಪರ ವಕಾಲತ್ತು ವಹಿಸುವವರು ಹೇಳಬಹುದಾದ ಮಾತೂ ಇದೆ, ಅದು ಹಗುರವಾದುದಲ್ಲ. ಮರ ಇದ್ದಿಲಾಗುವ ವೇಗ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್. 38 ಮಿಲಿಮೀಟರ್ ದಪ್ಪದ ಇಡಿಮರದ ತೊಲೆಯನ್ನು ಬೆಂಕಿ ಎರಡೂ ಕಡೆಯಿಂದ ತಿಂದರೂ ಪೂರ್ತಿ ತಿನ್ನಲು ಅರ್ಧ ಗಂಟೆ ಬೇಕು. ಸಂಯುಕ್ತ ತೊಲೆಯ ನಡುಹಲಗೆ ಅನೇಕ ವೇಳೆ 10 ಮಿಲಿಮೀಟರ್‌ಗಿಂತ ತೆಳು, ಅದು ಏಳೆಂಟು ನಿಮಿಷವೂ ಬಾಳಲಾರದು. ಹಾಗಾಗಿ ಸಂಯುಕ್ತ ತೊಲೆಗೆ ಬಿಗಿ ನಿಯಮ, ಇಡಿಮರಕ್ಕೆ ಸಡಿಲ ನಿಯಮ ಎಂಬುದು ಅವರ ವಾದ. ಸರಿ. ಆದರೆ ಇದು ನೆಲ ಎಷ್ಟು ಹೊತ್ತು ಕುಸಿಯದೆ ನಿಂತೀತು ಎಂಬ ಪ್ರಶ್ನೆಗೆ ಉತ್ತರ. ಬೆಂಕಿ ಎಷ್ಟು ದೂರ ಹರಿದೀತು ಎಂಬ ಪ್ರಶ್ನೆ ಬೇರೆ. ಹರಿಯುವ ಬೆಂಕಿಗೆ ತೊಲೆಯ ದಪ್ಪ ಮುಖ್ಯವಲ್ಲ, ಸಂದಿ ಮುಖ್ಯ.

6 ಅಂಗುಲದ ಸಂದಿಗೆ ವಿನಾಯಿತಿ ಕೊಟ್ಟಿರುವುದರ ಪ್ರಾಯೋಗಿಕ ಕಾರಣ ಇನ್ನೊಂದಿದೆ, ಅದನ್ನು ಅರಿಯದೆ ಈ ನಿಯಮಗಳನ್ನು ಓದಿದರೆ ಮೋಸಹೋಗುತ್ತೇವೆ. ಸ್ಪ್ರಿಂಕ್ಲರಿನ ನೀರು ಮೂತಿಯಡಿಯ ತಟ್ಟೆಗೆ ಬಡಿದು ಕೊಡೆಯಂತೆ ಬಿಚ್ಚಿಕೊಳ್ಳಲು ಎತ್ತರ ಬೇಕು. ಗೋದಾಮಿನಲ್ಲಿ ಸರಕಿನ ಮೇಲ್ತುದಿಗೂ ಸ್ಪ್ರಿಂಕ್ಲರ್ ತಟ್ಟೆಗೂ ನಡುವೆ ಸಾಮಾನ್ಯವಾಗಿ 18 ಅಂಗುಲ ತೆರವು ಇರಬೇಕೆಂದು ಇದೇ ಮಾನಕ ಹೇಳುತ್ತದೆ. ಒಂದು ಗೇಣಿನ ಸಂದಿಯಲ್ಲಿ ಕೊಡೆ ಬಿಚ್ಚುವುದೇ ಇಲ್ಲ, ನೀರು ಅಲ್ಲೇ ಎದುರಿನ ತೊಲೆಗೆ ಬಡಿದು ತೊಟ್ಟಿಕ್ಕುತ್ತದೆ. ಬಿಸಿಗಾಳಿಯೂ ಅಲ್ಲಿ ವಿಚಿತ್ರವಾಗಿ ವರ್ತಿಸುತ್ತದೆ. ಬಯಲು ಚಾವಣಿಯಡಿ ಅದು ಬೆಂಕಿಯ ನೆತ್ತಿಯಿಂದ ಎಲ್ಲ ದಿಕ್ಕಿಗೂ ವೃತ್ತಾಕಾರವಾಗಿ ಹರಡಿದರೆ, ತೊಲೆಗಳ ನಡುವೆ ಸಿಕ್ಕಿದಾಗ ಓಣಿ ಹಿಡಿದು ಓಡುತ್ತದೆ. ಬೆಂಕಿ ಇರುವುದು ಒಂದು ಕಡೆ, ಬುರುಡೆ ಒಡೆದು ನೀರು ಸುರಿಯುವುದು ಮತ್ತೆಲ್ಲೋ. ಹೀಗಾಗಿ ‘ಇಲ್ಲಿ ಸ್ಪ್ರಿಂಕ್ಲರ್ ಬೇಕಾಗಿಲ್ಲ’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ಒಂದು, ಇಲ್ಲಿ ಬೆಂಕಿಯ ಭಯವಿಲ್ಲ. ಎರಡು, ಇಲ್ಲಿ ಬೆಂಕಿಯ ಭಯವಿದೆ, ಆದರೆ ನಮ್ಮ ಕೈಯಲ್ಲಿರುವ ಸಲಕರಣೆ ಇಲ್ಲಿ ಕೆಲಸ ಮಾಡುವುದಿಲ್ಲ. ಕಲ್ಲುನಾರು ತುಂಬಿದ ಪೊಳ್ಳು ಮೊದಲ ಜಾತಿಗೆ ಸೇರಿದ್ದು, ಗೇಣಗಲದ ಮರದ ಸಂದಿ ಎರಡನೆಯದಕ್ಕೆ. ಮಾನಕ ಇವೆರಡನ್ನೂ ಒಂದೇ ಪಟ್ಟಿಯಲ್ಲಿ, ಒಂದೇ ದನಿಯಲ್ಲಿ ಹೇಳಿಬಿಡುತ್ತದೆ. ಓದುವ ಎಂಜಿನಿಯರ್ ಎರಡನ್ನೂ ‘ಸುರಕ್ಷಿತ’ ಎಂದು ಓದಿಕೊಳ್ಳುತ್ತಾನೆ. ಈ ಮಾನಕದ ಮೇಲೆ ನನಗಿರುವ ದೊಡ್ಡ ಆಕ್ಷೇಪ ಇದೇ.

ಹಾಗೆಂದು ಮಾನಕದ ಕರ್ತೃಗಳಿಗೆ ಈ ಅಪಾಯ ಗೊತ್ತಿಲ್ಲವೆಂದಲ್ಲ. ಬೇರೊಂದು ಅಧ್ಯಾಯದಲ್ಲಿ ಅವರು ಸದ್ದಿಲ್ಲದೆ ಒಪ್ಪಿಕೊಂಡಿದ್ದಾರೆ. ಕಡಿಮೆ ಅಪಾಯದ ಕಟ್ಟಡಕ್ಕೆ ನೀರಿನ ಲೆಕ್ಕ ಹಾಕುವಾಗ ಏಕಕಾಲದಲ್ಲಿ ಸ್ಪ್ರಿಂಕ್ಲರುಗಳು ತೆರೆದುಕೊಳ್ಳುವ ವಿಸ್ತೀರ್ಣವನ್ನು ಸಾಧಾರಣವಾಗಿ 1500 ಚದರ ಅಡಿ ಎಂದು ಹಿಡಿಯುತ್ತಾರೆ. ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇಲ್ಲದ ದಹ್ಯ ಪೊಳ್ಳು ಇದ್ದರೆ ಅದು ಕನಿಷ್ಠ 3000 ಚದರ ಅಡಿಯಾಗಬೇಕು. ಚದರ ಮೀಟರಿಗೆ ನಿಮಿಷಕ್ಕೆ 4.1 ಲೀಟರಿನಂತೆ ಸುರಿದರೆ ಮೊದಲನೆಯದಕ್ಕೆ ನಿಮಿಷಕ್ಕೆ 570 ಲೀಟರ್, ಎರಡನೆಯದಕ್ಕೆ 1140 ಲೀಟರ್. ಅರ್ಥ ಸ್ಪಷ್ಟ: ಪೊಳ್ಳಿನಲ್ಲಿ ಬೆಳೆದ ಬೆಂಕಿ ಒಂದು ಮೂಲೆಯಲ್ಲಿ ಹೊರಬೀಳುವುದಿಲ್ಲ, ಹತ್ತು ಕಡೆ ಚಾವಣಿ ಸೀಳಿಕೊಂಡು ಒಮ್ಮೆಲೇ ಇಳಿಯುತ್ತದೆ, ಅದಕ್ಕೆ ಇಮ್ಮಡಿ ನೀರು ಬೇಕು. ಈ ನಿಯಮ ಪ್ರಾಮಾಣಿಕವಾದದ್ದು. ದುರದೃಷ್ಟವೆಂದರೆ ಈ ದಂಡಕ್ಕೂ ವಿನಾಯಿತಿಗಳ ಇನ್ನೊಂದು ಪಟ್ಟಿ ಇದೆ.

ಈಗ ಲೆಕ್ಕದಿಂದ ಲೋಕಕ್ಕೆ ಇಳಿಯೋಣ. 2015ರ ಜನವರಿ 21ರಂದು ಅಮೆರಿಕದ ನ್ಯೂಜೆರ್ಸಿಯ ಎಡ್ಜ್‌ವಾಟರ್‌ನಲ್ಲಿ ಒಂದು ದೊಡ್ಡ ವಸತಿ ಸಮುಚ್ಚಯಕ್ಕೆ ಬೆಂಕಿ ಬಿತ್ತು. ಕಟ್ಟಡ ಹಗುರ ಮರದ ಚೌಕಟ್ಟಿನದು. ಕೊಳವೆ ರಿಪೇರಿಗೆ ಬಂದವರು ಹಚ್ಚಿದ ಬ್ಲೋಟಾರ್ಚ್‌ನ ಕಿಡಿ ಗೋಡೆಯೊಳಗಿನ ಪೊಳ್ಳಿಗೆ ತಗುಲಿತು. ಅವರು ತಾವೇ ನಂದಿಸಲು ನೋಡಿದರು, ಆ ಹೊತ್ತಿನಲ್ಲಿ ಬೆಂಕಿ ಗೋಡೆಯೊಳಗೇ ಮೇಲೇರಿ ಅಟ್ಟ ಸೇರಿತು. 408 ಮನೆಗಳಲ್ಲಿ 240 ಮನೆಗಳು ನಾಶವಾದವು. ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲವೇ? ಇತ್ತು, ನಿಯಮದ ಪ್ರಕಾರವೇ ಇತ್ತು. ಆದರೆ ಅದು 13ನೆಯ ಮಾನಕದ ತಮ್ಮನಾದ ‘13 ಆರ್’ ಎಂಬುದರ ಪ್ರಕಾರ ಇತ್ತು. ನಾಲ್ಕು ಅಂತಸ್ತಿನವರೆಗಿನ ವಸತಿ ಕಟ್ಟಡಗಳಿಗೆಂದು 1989ರಲ್ಲಿ ಹೊರಬಂದ ಈ ಮಾನಕ, ವಾಸಕ್ಕೂ ದಾಸ್ತಾನಿಗೂ ಬಳಸದ ಅಟ್ಟಗಳಿಗೆ ಮತ್ತು ಮರೆಯ ಪೊಳ್ಳುಗಳಿಗೆ ಸ್ಪ್ರಿಂಕ್ಲರ್ ಕೇಳುವುದಿಲ್ಲ. ಇದೇ ನಿವೇಶನದಲ್ಲಿ ಕಟ್ಟುತ್ತಿದ್ದ ಕಟ್ಟಡ 2000ದ ಆಗಸ್ಟ್‌ನಲ್ಲಿ ಒಮ್ಮೆ ಸುಟ್ಟುಹೋಗಿ, ಮತ್ತೆ ಮರದಲ್ಲೇ ಮೇಲೆದ್ದಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಈ ಬೆಂಕಿಯಲ್ಲಿ ಯಾರೂ ಸಾಯಲಿಲ್ಲ. 13 ಆರ್ ಮಾನಕದ ಸಮರ್ಥಕರು ಇದನ್ನೇ ಎತ್ತಿ ತೋರಿಸುತ್ತಾರೆ: ನಮ್ಮ ಗುರಿ ಜೀವ ಉಳಿಸುವುದು, ಆಸ್ತಿ ಉಳಿಸುವುದಲ್ಲ, ಜೀವ ಉಳಿಯಿತಲ್ಲ ಎಂದು. ತರ್ಕ ತಪ್ಪಲ್ಲ. ಜನ ಮಲಗುವ, ಅಡುಗೆ ಮಾಡುವ ಕೋಣೆಗಳಲ್ಲೇ ಸಾವು ಹೆಚ್ಚು, ಅಲ್ಲಿ ನೀರು ಇರಲಿ, ಅಟ್ಟಕ್ಕೆ ಕೊಳವೆ ಎಳೆದರೆ ಚಳಿನಾಡಿನಲ್ಲಿ ನೀರು ಹೆಪ್ಪುಗಟ್ಟುತ್ತದೆ, ಖರ್ಚು ಏರಿದರೆ ಸ್ಪ್ರಿಂಕ್ಲರನ್ನೇ ಬೇಡವೆನ್ನುತ್ತಾರೆ ಎಂಬ ವ್ಯಾವಹಾರಿಕ ಬುದ್ಧಿ ಅದರಲ್ಲಿದೆ. ಆದರೆ ಬೆಂಕಿ ಬಿದ್ದದ್ದು ಸಂಜೆ, ಜನ ಎಚ್ಚರವಾಗಿದ್ದ ಹೊತ್ತು. ನಡುರಾತ್ರಿಯಾಗಿದ್ದರೆ ಲೆಕ್ಕ ಹೀಗೆಯೇ ಇರುತ್ತಿತ್ತೆ? ಅಲ್ಲದೆ, ಮನೆಗೆ ‘ಸ್ಪ್ರಿಂಕ್ಲರ್ ಇದೆ’ ಎಂದು ನಂಬಿ ಬಾಡಿಗೆಗೆ ಬಂದ ಕುಟುಂಬಕ್ಕೆ ಆ ಸ್ಪ್ರಿಂಕ್ಲರ್ ತನ್ನ ಜೀವಕ್ಕೆ ಮಾತ್ರ, ಮನೆಗಲ್ಲ ಎಂದು ಯಾರಾದರೂ ಹೇಳಿದ್ದರೆ? ನಮ್ಮ ಕನ್ನಡದ ಎಷ್ಟೋ ಮಕ್ಕಳು ಇಂದು ಅಮೆರಿಕದಲ್ಲಿ ಇಂಥ ಮರದ ಚೌಕಟ್ಟಿನ ಮನೆಗಳಲ್ಲಿ ವಾಸವಾಗಿದ್ದಾರೆ. ನೋಡಲು ಹೋದ ತಂದೆತಾಯಿ ಗೋಡೆಗೆ ಬೆರಳು ಬಡಿದು ‘ಇದೇನು, ಡಬ್ಬದ ಹಾಗೆ ಸದ್ದು ಬರುತ್ತದೆ’ ಎಂದು ಅಚ್ಚರಿಪಡುವುದುಂಟು. ಅವರ ಬೆರಳಿಗೆ ಸಿಕ್ಕಿದ್ದು ಇದೇ ಪೊಳ್ಳು. 2018ರ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ ಅಗ್ನಿಶಾಮಕ ವಾಹನ ನಿಲ್ಲುವ ಮಟ್ಟದಿಂದ 55 ಅಡಿಗಿಂತ ಎತ್ತರದಲ್ಲಿ ಮಾಡು ಇರುವ 13 ಆರ್ ಕಟ್ಟಡಗಳ ಅಟ್ಟಕ್ಕೆ ರಕ್ಷಣೆ ಕಡ್ಡಾಯ ಮಾಡಿತು. ಅದು ಒಳ್ಳೆಯ ತಿದ್ದುಪಡಿ. ಆದರೂ 55 ಅಡಿಯೊಳಗಿನ ಅಟ್ಟದ ಮರ ಬೇರೆ ರೀತಿ ಉರಿಯುತ್ತದೆಯೆ?

ಮರದ ಚೌಕಟ್ಟೇ ಅಪರಾಧಿ, ಕಾಂಕ್ರೀಟಿನ ನಮಗೆ ಚಿಂತೆಯಿಲ್ಲ ಎಂದುಕೊಳ್ಳುವವರಿಗೆ ಎರಡು ಉದಾಹರಣೆ ಸಾಕು. 1996ರ ಏಪ್ರಿಲ್ 11ರಂದು ಜರ್ಮನಿಯ ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದಲ್ಲಿ ಮೇಲಿನ ರಸ್ತೆಯ ಸಂದಿಗೆ ಬೆಸುಗೆ ಹಾಕುತ್ತಿದ್ದಾಗ ಕಿಡಿ ಕೆಳಗಿಳಿದು ಟರ್ಮಿನಲ್ಲಿನ ಚಾವಣಿ ಪೊಳ್ಳಿನಲ್ಲಿದ್ದ ಪಾಲಿಸ್ಟೈರೀನ್ ನಿರೋಧಕಕ್ಕೆ ತಗುಲಿತು. 17 ಜನ ಸತ್ತರು. 1980ರ ನವೆಂಬರ್ 21ರಂದು ಲಾಸ್ ವೇಗಸ್‌ನ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲಿನಲ್ಲಿ ಉಪಾಹಾರ ಗೃಹವೊಂದರ ಗೋಡೆಯ ಮರೆಯಲ್ಲಿ ವಿದ್ಯುತ್ ದೋಷದಿಂದ ಹುಟ್ಟಿದ ಬೆಂಕಿ ಬೂದಿ ಮುಚ್ಚಿದ ಕೆಂಡದಂತೆ ಗಂಟೆಗಟ್ಟಲೆ ಯಾರಿಗೂ ಕಾಣದೆ ಇತ್ತು. ಹೊರಬಿದ್ದ ಮೇಲೆ ಕೆಲವೇ ನಿಮಿಷಗಳಲ್ಲಿ ಕ್ಯಾಸಿನೋ ಪೂರ್ತಿ ವ್ಯಾಪಿಸಿತು. ಸತ್ತ 85 ಜನರಲ್ಲಿ ಬಹುಪಾಲು ಬೆಂಕಿಯಿಂದ ಬಹಳ ಮೇಲೆ, ಗೋಪುರದ ಅಂತಸ್ತುಗಳಲ್ಲಿ, ಹೊಗೆಯಿಂದ ಸತ್ತವರು. ಲಿಫ್ಟ್ ಶಾಫ್ಟ್‌ಗಳು, ಮೆಟ್ಟಿಲ ಗೂಡುಗಳು, ಭೂಕಂಪಕ್ಕೆಂದು ಬಿಟ್ಟ ಸಂದಿಗಳು ಹೊಗೆಗೆ ಹೆದ್ದಾರಿಯಾದವು.

ಹೊಗೆಯ ಹೆದ್ದಾರಿ ಎಂದೊಡನೆ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ನೆನಪಾಗದೆ ಇರದು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಆ ಕಟ್ಟಡದ ವಿದ್ಯುತ್ ಡಕ್ಟ್‌ನಲ್ಲಿ ಬೆಂಕಿ ಕಾಣಿಸಿಕೊಂಡು ಹೊಗೆ ಮೇಲಂತಸ್ತುಗಳನ್ನು ತುಂಬಿತು. 9 ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಕೆಲವರು ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರು. ಡಕ್ಟ್ ಎಂದರೆ ಎದ್ದು ನಿಂತ ಪೊಳ್ಳು. ಅದರ ಬಲವನ್ನು ಲೆಕ್ಕ ಹಾಕಿ ನೋಡಿ. 20 ಮೀಟರ್ ಎತ್ತರದ ಶಾಫ್ಟ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನ ಹೊಗೆ ತುಂಬಿದೆ, ಹೊರಗೆ 25 ಡಿಗ್ರಿಯ ಗಾಳಿ ಇದೆ ಎನ್ನಿ. ಘನ ಮೀಟರಿಗೆ 0.235 ಕಿಲೋಗ್ರಾಂ ಸಾಂದ್ರತೆಯ ವ್ಯತ್ಯಾಸದಿಂದ ಮೇಲ್ತುದಿಯಲ್ಲಿ ಸುಮಾರು 46 ಪ್ಯಾಸ್ಕಲ್ ಒತ್ತಡ ಏರ್ಪಡುತ್ತದೆ. ಕೇಳಲು ಅಲ್ಪ. ಆದರೆ ಘರ್ಷಣೆಯನ್ನು ಬದಿಗಿಟ್ಟರೆ ಈ ಒತ್ತಡ ಹೊಗೆಯನ್ನು ಸೆಕೆಂಡಿಗೆ 10 ಮೀಟರಿನಷ್ಟು ವೇಗದಲ್ಲಿ ಬಿರುಕುಗಳಿಂದ ಹೊರದೂಡಬಲ್ಲದು. ಓಟದ ಪದಕ ಗೆದ್ದವನೂ ಅದರೊಂದಿಗೆ ಪಂದ್ಯ ಕಟ್ಟಲಾರ. ಇಂಥ ಕಡೆ ತುದಿಯಲ್ಲೊಂದು ಸ್ಪ್ರಿಂಕ್ಲರ್ ಇಟ್ಟು ಕೃತಾರ್ಥರಾಗುವಂತಿಲ್ಲ. ಪ್ರತಿ ಅಂತಸ್ತಿನ ಮಟ್ಟದಲ್ಲೂ ತಂತಿಗಳ ಸುತ್ತಲಿನ ರಂಧ್ರವನ್ನು ಬೆಂಕಿ ತಡೆಯುವ ಗಾರೆಯಿಂದ ಮುಚ್ಚಬೇಕು. 20 ಮೀಟರಿನ ಶಾಫ್ಟ್ ಆಗ 3 ಮೀಟರಿನ ಆರೇಳು ಗೂಡುಗಳಾಗುತ್ತದೆ, ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದರೆ ಕಟ್ಟಡ ಪರಿಶೀಲನೆಯ ದಿನ ಮುಚ್ಚಿದ ರಂಧ್ರವನ್ನು ಮರುತಿಂಗಳು ಇಂಟರ್ನೆಟ್ ಕೇಬಲ್ ಎಳೆಯುವವನು ಒಡೆಯುತ್ತಾನೆ. ಮತ್ತೆ ಮುಚ್ಚುವವರು ಯಾರೂ ಇಲ್ಲ.

ಅಡ್ಡ ಮಲಗಿದ ಪೊಳ್ಳಿಗೆ, ಅಂದರೆ ಫಾಲ್ಸ್ ಸೀಲಿಂಗಿಗೆ, ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಸಂಖ್ಯೆ 800. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ, ಫಾಲ್ಸ್ ಸೀಲಿಂಗಿನ ಮೇಲಿನ ಪೊಳ್ಳು 800 ಮಿಲಿಮೀಟರಿಗಿಂತ ಎತ್ತರವಾದರೆ ಅದರೊಳಗೂ ಸ್ಪ್ರಿಂಕ್ಲರ್ ಇರಬೇಕೆನ್ನುತ್ತದೆ. ಐರೋಪ್ಯ ಮಾನಕ 12845ರಲ್ಲಿಯೂ ಇದೇ ಸಂಖ್ಯೆ ಇದೆ. ಆದರೆ ಅಲ್ಲಿ ವಾಕ್ಯಕ್ಕೆ ಉತ್ತರಾರ್ಧವೂ ಇದೆ: 800 ಅಥವಾ ಅದಕ್ಕಿಂತ ಕಡಿಮೆ ಇದ್ದರೂ, ಪೊಳ್ಳಿನಲ್ಲಿ ದಹ್ಯ ವಸ್ತುಗಳಿದ್ದರೆ ಅಥವಾ ಪೊಳ್ಳನ್ನೇ ದಹ್ಯ ವಸ್ತುಗಳಿಂದ ಕಟ್ಟಿದ್ದರೆ ಸ್ಪ್ರಿಂಕ್ಲರ್ ಬೇಕು. ನಮ್ಮ ವಿನ್ಯಾಸ ಕಚೇರಿಗಳ ನೆನಪಿನಲ್ಲಿ ಉಳಿದಿರುವುದು ಪೂರ್ವಾರ್ಧ ಮಾತ್ರ. ಒಂದು ಸಂಸ್ಥೆಯ ಹೊಸ ಸಭಾಂಗಣದ ನಕ್ಷೆಯನ್ನು ನೋಡುವ ಅವಕಾಶ ನನಗೊಮ್ಮೆ ಒದಗಿತ್ತು. ಹೆಸರು ಬೇಡ. ಪೊಳ್ಳಿನ ಎತ್ತರ 780 ಎಂದು ಬರೆದಿತ್ತು. ಈ 20 ಮಿಲಿಮೀಟರ್ ಉಳಿತಾಯ ಏಕೆ ಎಂದು ಕೇಳಿದ್ದಕ್ಕೆ ವಿನ್ಯಾಸಕಾರರು ನಕ್ಕು, ‘ಸರ್, ಆಗ ಮೇಲಿನ ಸಾಲಿನ ಸ್ಪ್ರಿಂಕ್ಲರ್ ತಪ್ಪುತ್ತದೆ’ ಎಂದರು. ಪೊಳ್ಳಿನಲ್ಲಿ ಪ್ಲೈವುಡ್ ಇತ್ತು, ಶಬ್ದ ಮತ್ತು ಶಾಖ ತಡೆಗೆ ಥರ್ಮೋಕೋಲ್ ಹಾಳೆಗಳಿದ್ದವು.

ಎತ್ತರವನ್ನು ಅಳೆಯುವುದರಿಂದ ಏನನ್ನು ಅಳೆದಂತಾಯಿತು? ನೀರಿನ ಕೊಡೆ ಬಿಚ್ಚಲು ಸ್ಥಳವಿದೆಯೆ ಎಂಬುದನ್ನು, ಅಷ್ಟೆ. ಉರಿಯುವುದಕ್ಕೆ ಏನಿದೆ ಎಂಬುದನ್ನಲ್ಲ. 6 ಮಿಲಿಮೀಟರ್ ಪ್ಲೈವುಡ್ ಚದರ ಮೀಟರಿಗೆ ಸುಮಾರು 60 ಮೆಗಾಜೂಲ್ ಉಷ್ಣವನ್ನು ಹೊತ್ತಿರುತ್ತದೆ. 50 ಮಿಲಿಮೀಟರ್ ಥರ್ಮೋಕೋಲ್ ತೂಕದಲ್ಲಿ ಒಂದು ಕಿಲೋಗ್ರಾಂ ಕೂಡ ಇಲ್ಲ, ಆದರೂ 36 ಮೆಗಾಜೂಲ್ ಸೇರಿಸುತ್ತದೆ. 200 ಚದರ ಮೀಟರ್ ಸಭಾಂಗಣದ ತಲೆಯ ಮೇಲೆ ಒಂದು ಟನ್ನಿಗೂ ಹೆಚ್ಚು ಸೌದೆ ಪೇರಿಸಿಟ್ಟಂತೆ. ಇತ್ತ 900 ಮಿಲಿಮೀಟರಿನ ಪೊಳ್ಳಿನಲ್ಲಿ ಕಾಂಕ್ರೀಟು, ತಗಡಿನ ಕೊಳವೆ, ಜಿಪ್ಸಮ್ ಹಲಗೆ ಬಿಟ್ಟು ಬೇರೇನೂ ಇಲ್ಲದಿದ್ದರೂ ಅದಕ್ಕೆ ಸ್ಪ್ರಿಂಕ್ಲರ್ ಕಡ್ಡಾಯ. ಐರೋಪ್ಯ ಮಾನಕ ಇನ್ನೂ ಸೂಕ್ಷ್ಮಕ್ಕೆ ಹೋಗಿ, ಕಡಿಮೆ ವೋಲ್ಟೇಜಿನ ತಂತಿಗಳಾದರೆ ಒಂದು ಟ್ರೇಯಲ್ಲಿ 15ರವರೆಗೆ ಇದ್ದರೆ ಲೆಕ್ಕಿಸಬೇಕಾಗಿಲ್ಲ ಎನ್ನುತ್ತದೆ. ಇಂಧನವನ್ನು ಲೆಕ್ಕಕ್ಕೆ ತಂದದ್ದು ಮೆಚ್ಚತಕ್ಕದ್ದು. ಆದರೆ ತಂತಿಗಳನ್ನು ಎಣಿಸುವುದಕ್ಕಿಂತ ಅವುಗಳ ಹೊದಿಕೆಯ ತೂಕ ಕೇಳುವುದು ಲೇಸು. ಕಿರುಬೆರಳಿನಷ್ಟು ತಂತಿಯೂ ಹೆಬ್ಬೆರಳಿನಷ್ಟು ತಂತಿಯೂ ಎಣಿಕೆಯಲ್ಲಿ ಒಂದೊಂದೇ.

ಜಾಣ ಓದುಗರು ಇಲ್ಲೊಂದು ಆಕ್ಷೇಪ ಎತ್ತಬಹುದು. ಗಾಳಿಯ ಬರದ ಲೆಕ್ಕವನ್ನು ನೀವೇ ಹೇಳಿದಿರಿ, 500 ಮಿಲಿಮೀಟರ್ ಪೊಳ್ಳಿನ ಗಾಳಿ ಚದರ ಮೀಟರಿಗೆ 0.6 ಮೆಗಾಜೂಲ್ ಮಾತ್ರ ಕೊಡಬಲ್ಲದು, ಮೇಲಿರುವ ಟನ್ ಸೌದೆ ಉರಿಯುವುದು ಹೇಗೆ ಎಂದು. ಸರಿಯಾದ ಪ್ರಶ್ನೆ. ಉತ್ತರ ಹವಾನಿಯಂತ್ರಣ ಯಂತ್ರದಲ್ಲಿದೆ. ಅನೇಕ ಕಚೇರಿಗಳಲ್ಲಿ ಕೋಣೆಯ ಗಾಳಿಯನ್ನು ಯಂತ್ರಕ್ಕೆ ಹಿಂದಿರುಗಿಸಲು ಬೇರೆ ಕೊಳವೆ ಹಾಕುವುದಿಲ್ಲ, ಫಾಲ್ಸ್ ಸೀಲಿಂಗಿನ ಪೊಳ್ಳನ್ನೇ ಕೊಳವೆಯಂತೆ ಬಳಸುತ್ತಾರೆ. ಸೆಕೆಂಡಿಗೆ ಒಂದು ಘನ ಮೀಟರ್ ಗಾಳಿ ಹೀಗೆ ಹರಿಯುತ್ತಿದ್ದರೆ, ಅದರ ಆಮ್ಲಜನಕದ ಮೂರನೆಯ ಒಂದು ಪಾಲೇ ಒಂದು ಮೆಗಾವಾಟಿಗೂ ಮಿಕ್ಕಿದ ಬೆಂಕಿಯನ್ನು ಸಾಕಬಲ್ಲದು. ಕುಲುಮೆಗೆ ತಿದಿ ಒತ್ತಿದ ಹಾಗೆ. ಹೊಗೆಯೂ ಅದೇ ದಾರಿಯಲ್ಲಿ ಯಂತ್ರ ಸೇರಿ ಎಲ್ಲ ಕೋಣೆಗಳಿಗೂ ಹಂಚಿಕೆಯಾಗುತ್ತದೆ. ಆದ್ದರಿಂದ ನಿಯಮ ಕೇಳಬೇಕಾದ ಪ್ರಶ್ನೆಗಳು ಬೇರೆ: ಪೊಳ್ಳಿನಲ್ಲಿ ಚದರ ಮೀಟರಿಗೆ ಎಷ್ಟು ಮೆಗಾಜೂಲ್ ಇದೆ, ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ, ಅಡ್ಡಗಟ್ಟೆಯಿಲ್ಲದೆ ಅದು ಎಷ್ಟು ದೂರ ಚಾಚಿದೆ. ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಎತ್ತರವನ್ನು ಕೇಳಲಿ, ಅದು ಯಾವ ಸಲಕರಣೆ ಹಾಕಬೇಕೆಂಬುದನ್ನು ತೀರ್ಮಾನಿಸಲು ನೆರವಾಗುತ್ತದೆ.

ಸಲಕರಣೆಯ ಮಾತಿಗೆ ಬಂದರೆ, ಇಕ್ಕಟ್ಟಾದ ಪೊಳ್ಳಿಗೆ ಮಾಮೂಲಿ ಸ್ಪ್ರಿಂಕ್ಲರ್ ಒಂದೇ ಗತಿಯಲ್ಲ. ಮಂಜಿನಂತೆ ನೀರು ಸಿಂಪಡಿಸುವ ವ್ಯವಸ್ಥೆಗಳಿವೆ. ಒಂದು ಲೀಟರ್ ನೀರನ್ನು ಒಂದು ಮಿಲಿಮೀಟರಿನ ಹನಿಗಳಾಗಿ ಒಡೆದರೆ ಅವುಗಳ ಒಟ್ಟು ಮೇಲ್ಮೈ 6 ಚದರ ಮೀಟರ್, ಅದರ ಹತ್ತನೆಯ ಒಂದಂಶ ವ್ಯಾಸದ ಹನಿಗಳಾಗಿ ಒಡೆದರೆ 60 ಚದರ ಮೀಟರ್. ಸಣ್ಣ ಹನಿ ಬೇಗ ಆವಿಯಾಗುತ್ತದೆ, ಒಂದು ಲೀಟರ್ ನೀರು ಕೋಣೆಯ ಉಷ್ಣತೆಯಿಂದ ಆವಿಯಾಗುವಷ್ಟರಲ್ಲಿ 2.6 ಮೆಗಾಜೂಲ್ ಉಷ್ಣವನ್ನು ಹೀರುತ್ತದೆ. ನಮ್ಮ 4.5 ಘನ ಮೀಟರ್ ಗೂಡಿನ 5.4 ಮೆಗಾಜೂಲ್‌ಗೆ ಎರಡು ಲೀಟರಿನಷ್ಟು ನೀರು ಸಾಕು. ಹುಟ್ಟಿದ ಆವಿ ನೀರಿನ 1700 ಪಟ್ಟು ಜಾಗ ಹಿಡಿದು ಆಮ್ಲಜನಕವನ್ನು ಹೊರದಬ್ಬುವುದು ಮೇಲಿನ ಲಾಭ. ಬಯಲಿನಲ್ಲಿ ಗಾಳಿಗೆ ತೂರಿಹೋಗುವ ಮಂಜು ಮುಚ್ಚಿದ ಜಾಗದಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಜ್ವಾಲೆಯಿಲ್ಲದೆ ಒಳಗೊಳಗೇ ಬೇಯುವ ಬೆಂಕಿ ಗಾಳಿಯನ್ನು ಅಷ್ಟಾಗಿ ಬಿಸಿಮಾಡುವುದಿಲ್ಲ, 68 ಡಿಗ್ರಿಗೆ ಕಾಯುವ ಬುರುಡೆಗೆ ಅದು ಗೊತ್ತೇ ಆಗುವುದಿಲ್ಲ. ಅದನ್ನು ಹಿಡಿಯಲು ಪೊಳ್ಳಿನೊಳಗೆ ಹೊಗೆ ಪತ್ತೆಕಾರಕ ಬೇಕು. ಮಲೆನಾಡಿನ ಹಳೆ ಮನೆಗಳ ಅಟ್ಟದಲ್ಲಿ ಒಣಹುಲ್ಲಿಂದ ಅಡಕೆಯವರೆಗೆ ಎಲ್ಲ ದಹ್ಯವೂ ಇರುತ್ತಿತ್ತು, ಆದರೆ ದಿನಕ್ಕೆರಡು ಸಲ ಯಾರಾದರೂ ಏಣಿ ಹತ್ತುತ್ತಿದ್ದರು, ಮೂಗು ಅಲ್ಲಿಗೆ ಹೋಗುತ್ತಿತ್ತು. ಇಂದಿನ ಪೊಳ್ಳಿಗೆ ಮೂಗೂ ಇಲ್ಲ, ಏಣಿಯೂ ಇಲ್ಲ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಅಟ್ಟಕ್ಕೆ ಹೊಗೆ ಪತ್ತೆಕಾರಕವೇನೋ ಇತ್ತು. ಕಲ್ಲಿನ ಕಮಾನುಗಳ ಮೇಲೆ, ಸೀಸದ ಹೊದಿಕೆಯ ಕೆಳಗೆ, 100 ಮೀಟರಿಗೂ ಉದ್ದದ ಓಕ್ ಮರದ ದಟ್ಟಣೆ, ಜನ ಅದನ್ನು ‘ಕಾಡು’ ಎಂದೇ ಕರೆಯುತ್ತಿದ್ದರು. ಸ್ಪ್ರಿಂಕ್ಲರ್ ಇರಲಿಲ್ಲ, ಆ ಉದ್ದಕ್ಕೂ ಬೆಂಕಿ ತಡೆಯುವ ಅಡ್ಡಗೋಡೆಗಳೂ ಇರಲಿಲ್ಲ. 2019ರ ಏಪ್ರಿಲ್ 15ರ ಸಂಜೆ ಎಚ್ಚರಿಕೆ ಮೊಳಗಿದಾಗ ಕಾವಲುಗಾರ ತಪ್ಪು ಅಟ್ಟಕ್ಕೆ ಹೋಗಿ ನೋಡಿದ, ಸುಮಾರು ಅರ್ಧ ಗಂಟೆ ಕಳೆಯಿತು. ಅಗ್ನಿಶಾಮಕ ದಳದವರಿಗೆ ಕಮಾನುಗಳನ್ನೂ ಗಂಟೆಗೋಪುರಗಳನ್ನೂ ಉಳಿಸಲು ಸಾಧ್ಯವಾಯಿತೇ ಹೊರತು ಅಟ್ಟವನ್ನಲ್ಲ. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು. ಮಾಡನ್ನು ಹಿಂದಿನಂತೆಯೇ ಓಕ್ ಮರದಿಂದ, ಹಿಂದಿನಂತೆಯೇ ಸೀಸದ ಹೊದಿಕೆಯೊಂದಿಗೆ ಕಟ್ಟಿದ್ದಾರೆ. ಎರಡು ಸಂಗತಿಗಳನ್ನು ಮಾತ್ರ ಹೊಸದಾಗಿ ಸೇರಿಸಿದ್ದಾರೆ: ಶಿಖರದ ಬುಡದ ಭಾಗವನ್ನು ಉಳಿದ ಅಟ್ಟದಿಂದ ಬೇರ್ಪಡಿಸುವ ಬೆಂಕಿತಡೆ ಗೋಡೆಗಳು, ಮತ್ತು ತೊಲೆಗಳ ನಡುವೆ ಮಂಜು ಸಿಂಪಡಿಸುವ ನೀರಿನ ಕೊಳವೆಗಳು.